ತೊಳೆದ ನೋಟು

ಆ ಜುಲೈಯಲ್ಲಿ ಮುಂಬೈ ಪಕ್ಕದ ದಿವಾದ ನಮ್ಮ ಒಂಟಿ ಖೋಲಿಗೆ ಗಟಾರದ ನೀರು ನುಗ್ಗಿತು. ಮಂಚದ ಕೆಳಗಿನ ಟ್ರಂಕು ಮುಳುಗಿತು, ಸೀರೆಯ ಮಡಿಕೆಯಲ್ಲಿಟ್ಟಿದ್ದ ಐನೂರರ ನೋಟುಗಳೂ ಮುಳುಗಿದವು. ನನ್ನ ಗಂಡ ಹಣಮಂತ್ರಾಯ ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಯಲ್ಲಿ ಲಾರಿಗೆ ಡ್ರಮ್ಮು ಏರಿಸಿ ತಂದ ಪಗಾರ ಅದು. ಕೂಡಿಟ್ಟವಳು ನಾನು. ನೋಟು ಹರಿದಿರಲಿಲ್ಲ, ಆದರೆ ಮೂಗಿನ ಹತ್ತಿರ ಒಯ್ಯಲಾಗದಷ್ಟು ನಾರುತ್ತಿತ್ತು. ವಿಜಯಪುರದ ಕಡೆಯವರು ನಾವು, ರೊಕ್ಕಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವವರು. ಗಟಾರದ ಮೈಲಿಗೆಯಾದ ಲಕ್ಷ್ಮಿಯನ್ನು ದೇವರ ಮುಂದೆ ಹೇಗಿಡುವುದು? ಬಕೇಟಿನಲ್ಲಿ ಸೋಪಿನ ಪುಡಿ ಕಲಸಿ, ನೋಟುಗಳನ್ನು ನೆನೆಹಾಕಿ, ಮೆಲ್ಲಗೆ ತಿಕ್ಕಿ, ಅಂಗಿಗಳ ಪಕ್ಕದಲ್ಲೇ ಹಗ್ಗಕ್ಕೆ ಒಣಹಾಕಿದೆ. ಪುಡಿ ತುಸು ಹೆಚ್ಚೇ ಬಿತ್ತು. ಅರ್ಧಂಬರ್ಧ ಕೆಲಸ ನನಗೆ ಆಗಿಬರುವುದಿಲ್ಲ.

ಮತ್ತೆ ನೀರು ಬಂದರೆ ಎಂಬ ಭಯಕ್ಕೆ ಅದನ್ನೆಲ್ಲ ಇವರ ಖಾತೆಗೆ ಹಾಕೋಣವೆಂದು ಡೊಂಬಿವಲಿಯ ಬ್ಯಾಂಕಿಗೆ ಹೋದೆವು. ಕೌಂಟರಿನ ಹುಡುಗಿಯ ಎದೆಯ ಮೇಲೆ ವೇದಾ ಎಂಬ ಹೆಸರಿನ ಪಟ್ಟಿ ಇತ್ತು. ಅವಳು ಒಂದು ನೋಟನ್ನು ಡಬ್ಬಿಯೊಳಗಿನ ನೀಲಿ ದೀಪದಡಿ ಹಿಡಿದಳು. ಇನ್ನೊಂದನ್ನು ಹಿಡಿದಳು. ಆಮೇಲೆ ನಮ್ಮನ್ನು ನೋಡದೆ ಎದ್ದು ಹೋಗಿ ಮ್ಯಾನೇಜರನ್ನು ಕರೆತಂದಳು. ಅವರು ದೀಪದೊಳಗೆ ಇಣುಕಿದವರೇ ವಾಚ್‌ಮನ್ನನಿಗೆ ಕೈ ಸನ್ನೆ ಮಾಡಿದರು. ಅವನು ಬಾಗಿಲ ಜಾಲರಿ ಎಳೆದ.

ನಿಜವಾದ ನೋಟಿನ ಕಾಗದ ಆ ದೀಪದಲ್ಲಿ ಮಂಕಾಗಿಯೇ ಇರಬೇಕಂತೆ, ನಂಬರು ಮತ್ತು ಅಲ್ಲಲ್ಲಿನ ಸಣ್ಣ ಎಳೆಗಳು ಮಾತ್ರ ಹೊಳೆಯಬೇಕಂತೆ. ನಮ್ಮದು ಅಂಚಿನಿಂದ ಅಂಚಿಗೆ ನೀಲಿಯಾಗಿ ಹೊಳೆಯುತ್ತಿತ್ತು. ಇಷ್ಟೊಂದು ಖೋಟಾ ನೋಟು ಒಟ್ಟಿಗೆ ಬಂದರೆ ಪೊಲೀಸರಿಗೆ ಹೇಳಲೇಬೇಕು ಎಂದು ಮ್ಯಾನೇಜರ್ ಹಿಂದಿಯಲ್ಲಿ ಹೇಳಿ ಫೋನಿನ ಕಡೆ ಕೈ ಚಾಚಿದರು.

ನಮ್ಮದೇ ಚಾಳಿನ ಇನ್ನೊಂದು ಖೋಲಿಯ ಮಾಪಣ್ಣನನ್ನು ಹೋದ ದಸರೆಗೆ ಪೊಲೀಸರು ಇಂಥದ್ದಕ್ಕೇ ಒಯ್ದಿದ್ದರು. ಅವನು ತಿರುಗಿ ಬಂದದ್ದು ಹೋಳಿಯ ಹೊತ್ತಿಗೆ, ಬಂದ ಮೇಲೂ ಯಾರ ಮುಖ ನೋಡಿಯೂ ಮಾತಾಡಲಿಲ್ಲ.

ಫೋನು ಎತ್ತುವ ಮೊದಲು ಈ ರೊಕ್ಕ ಯಾರದು ಎಂದು ಮ್ಯಾನೇಜರ್ ಕೇಳಿದರು. ಗಂಡನ ಪಗಾರ ಎಂದರೆ ಗಂಡನನ್ನು ಒಯ್ಯುತ್ತಾರೆ. ಲಾಕಪ್ಪಿನಲ್ಲಿ ಇವರನ್ನು ಹೊಡೆಯುವುದು ಕಣ್ಣ ಮುಂದೆ ಬಂದುಬಿಟ್ಟಿತು. ಹೆದರಿಕೆಯಲ್ಲಿ ಹಿಂದಿ ಮರೆತೇಹೋಯಿತು.

"ನಂದ್ರಿ ರೊಕ್ಕ," ಎಂದೆ. "ನಾನ ಕೂಡಿಸಿಟ್ಟಿದ್ದು."

ವೇದಾಳಿಗೆ ಕನ್ನಡ ಬರುತ್ತಿತ್ತು, ಅದನ್ನು ಹಿಂದಿಯಲ್ಲಿ ತಿಳಿಸಿದಳು. ಮ್ಯಾನೇಜರ್ ಇವರ ಕಡೆ ತಿರುಗಿದರು. ಡ್ರಮ್ಮು ಎತ್ತುವ ನನ್ನ ಗಂಡ ಗೋಡೆಯ ಕಡೆ ಸರಿದು ನಿಂತರು.

"ನಂಗೇನೂ ಗೊತ್ತಿಲ್ರಿ. ಎಲ್ಲಾ ಆಕೀನ್ನ ಕೇಳ್ರಿ. ನಾ ಬರೇ ಜೋಡಿಗೆ ಬಂದೀನಿ."

ಆ ಮಾತು ಕೇಳಿ ನನಗೆ ಪೊಲೀಸರ ಭಯಕ್ಕಿಂತ ಬೇರೊಂದು ಭಯ ಹುಟ್ಟಿತು. ಊರು ಬಿಟ್ಟು ಇವರೊಬ್ಬರನ್ನೇ ನಂಬಿ ಬಂದವಳು ನಾನು.

ವೇದಾ ಕಿಂಡಿಯ ಹತ್ತಿರ ಬಗ್ಗಿದಳು. ಅವಳದು ಮೈಸೂರಿನ ಕನ್ನಡ. "ಅಮ್ಮಾ, ಈ ನೋಟಿಗೆ ಏನು ಮಾಡಿದ್ರಿ? ಇದ್ದದ್ದು ಹೇಳಿ."

ಗಟಾರ, ಬಕೇಟು, ಪುಡಿ ಎಲ್ಲ ತೊದಲುತ್ತ ಹೇಳಿದೆ. ಅವಳು ಒಂದು ನೋಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಖಾಲಿ ಜಾಗದಲ್ಲಿ ಗಾಂಧಿಯ ಮುಖ ಮೂಡಿತು. ಓರೆ ಮಾಡಿದಾಗ ಐನೂರರ ಅಂಕೆ ಹಸಿರಿನಿಂದ ನೀಲಿಗೆ ತಿರುಗಿತು, ನೋಟಿನೊಳಗಿನ ದಾರವೂ ಹಾಗೆಯೇ. ಉಬ್ಬಿದ ಅಚ್ಚಿನ ಮೇಲೆ ಉಗುರು ಎಳೆದು ನೋಡಿದಳು. ಎಲ್ಲ ಸರಿಯಿದೆ ಎಂದರೂ ಮ್ಯಾನೇಜರ್ ಒಪ್ಪಲಿಲ್ಲ, ದೀಪ ಸುಳ್ಳು ಹೇಳುತ್ತದೆಯೇ ಎಂದರು. ಆಗ ಅವಳು ಅವರ ಕೈಯನ್ನೇ ದೀಪದಡಿ ಇಡಲು ಕೇಳಿಕೊಂಡಳು. ಬಿಳಿ ಅಂಗಿಯ ತೋಳು ನಮ್ಮ ನೋಟಿನಂತೆಯೇ ಝಗ್ಗನೆ ಹೊಳೆಯಿತು. ಸೋಪಿನ ಪುಡಿಯಲ್ಲಿ ಬಟ್ಟೆಗೆ ಬೆಳ್ಳಗಿನ ಹೊಳಪು ಕೊಡುವ ಮದ್ದು ಇರುತ್ತದಂತೆ, ಆ ದೀಪದಲ್ಲಿ ನೀಲಿಯಾಗಿ ಹೊಳೆಯುವುದು ಅದೇ ಅಂತೆ. ಆ ದೀಪದ ಲೆಕ್ಕದಲ್ಲಿ ಮ್ಯಾನೇಜರ್ ಸಾಹೇಬರೂ ಖೋಟಾ ಆದರು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಎಲ್ಲ ನೋಟುಗಳನ್ನೂ ಹಾಗೆಯೇ ನೋಡಿ ಜಮಾ ಮಾಡಿಕೊಂಡರು. ಜಾಲರಿ ಸರಿಯಿತು. ನಾನು ವೇದಾಳಿಗೆ ಕೈ ಮುಗಿದೆ.

ವಾಪಸ್ ಬರುವ ಲೋಕಲ್ ರೈಲಿನಲ್ಲಿ ಇವರು, "ಅಂಜಿಕಿ ಬಂತು ಪದ್ಮಾ, ಅದಕ್ಕ ಹಂಗಂದೆ," ಎಂದರು.

"ನನಗೂ ಬಂದಿತ್ರಿ," ಎಂದೆ. "ನಾ ನಿಮ್ಮ ಹೆಸರು ಹೇಳಲಿಲ್ಲ."

ದಿವಾದಲ್ಲಿ ಇಳಿಯುವ ನೂಕಾಟದಲ್ಲಿ ಅವರು ಎಂದಿನಂತೆ ನನ್ನ ಕೈ ಹಿಡಿಯಲು ಬಂದರು. ನಾನು ಬಾಗಿಲ ಕಂಬಿ ಹಿಡಿದುಕೊಂಡು ಇಳಿದೆ.