ಎಂಟು ರಿಸೀವರ್‌ಗಳ ಪಾಲು

ಮನೆ ಮಾರುವಾಗ ಜಗಳವಾಗಲಿಲ್ಲ. ನಾಯಿ ಜನೆಲ್ ಜೊತೆ ಹೋಯಿತು, ಮೀನು ಹಿಡಿಯುವ ದೋಣಿ ಕರ್ಟಿಸ್‌ಗೆ ಉಳಿಯಿತು, ಅದಕ್ಕೂ ಯಾರೂ ದನಿ ಎತ್ತಲಿಲ್ಲ. ಹನ್ನೊಂದು ವರ್ಷದ ಸಂಸಾರ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಿಡಿಸಿಕೊಂಡದ್ದನ್ನು ನೋಡಿ ಲಾಯರಮ್ಮನಿಗೇ ಒಂಥರಾ ಆಗಿರಬೇಕು. ಕಾಗದಗಳನ್ನು ಮಡಿಸಿಡುತ್ತ, "ಇನ್ನೇನಾದ್ರೂ ಉಳಿದಿದ್ಯಾ?" ಎಂದು ಮಾತಿಗೆ ಕೇಳಿದಳು.

ಕರ್ಟಿಸ್ ರಾಡ್ಕಿ ಗಂಟಲು ಸರಿಮಾಡಿಕೊಂಡು, "ತಂಡ ಇದೆ," ಎಂದ.

ಲಾಯರಮ್ಮ ಜನೆಲ್‌ಳ ಮುಖ ನೋಡಿದಳು. ಜನೆಲ್ ಛಾವಣಿ ನೋಡಿದಳು.

ತಂಡವೆಂದರೆ ಕಣ್ಣಿಗೆ ಕಾಣುವಂಥದ್ದಲ್ಲ. ಶೆಬಾಯ್ಗನ್ ಊರಲ್ಲಿ ಕಾರಿನ ಸೈಲೆನ್ಸರ್ ರಿಪೇರಿ ಮಾಡುವ ಲೈಲ್ ಝಾಸ್ಟ್ರೊ ಎಂಬವನು ನಡೆಸುವ ಫ್ಯಾಂಟಸಿ ಫುಟ್‌ಬಾಲ್ ಲೀಗಿನ ಒಂದು ತಂಡ. ಅಲ್ಲಿಯ ಫುಟ್‌ಬಾಲ್ ಎಂದರೆ ಕೈಯಲ್ಲಿ ಚೆಂಡು ಹಿಡಿದು ಓಡುವ ಆಟ. ಟೀವಿಯಲ್ಲಿ ಕಾಣುವ ದೊಡ್ಡ ಆಟಗಾರರನ್ನು ಇವರು ತಮ್ಮತಮ್ಮೊಳಗೆ ಹೆಸರಿನಲ್ಲಿ ಹಂಚಿಕೊಂಡಿರುತ್ತಾರೆ. ಭಾನುವಾರ ಆ ಆಟಗಾರ ಅಲ್ಲಿ ಓಡಿ ಚೆಂಡು ಹಿಡಿದರೆ ಇವರಿಗೆ ಇಲ್ಲಿ ಅಂಕ. ಬೇರೆ ಲೀಗುಗಳಲ್ಲಿ ಪ್ರತಿ ವರ್ಷ ಎಲ್ಲವನ್ನೂ ಅಳಿಸಿ ಹೊಸದಾಗಿ ಹಂಚುತ್ತಾರೆ. ಲೈಲ್‌ನದು ಡೈನಾಸ್ಟಿ ಲೀಗ್. ಇಲ್ಲಿ ಒಮ್ಮೆ ನಿಮ್ಮವನಾದ ಆಟಗಾರ, ನೀವಾಗಿ ಇನ್ನೊಬ್ಬರಿಗೆ ಕೊಡುವ ತನಕ ಅಥವಾ ಅವನೇ ಆಟ ಬಿಡುವ ತನಕ ನಿಮ್ಮವನೇ. ಹಾಗಾಗಿ ವಯಸ್ಸೇ ಇಲ್ಲಿ ಎಲ್ಲ. ವೈಡ್ ರಿಸೀವರ್, ಅಂದರೆ ಮೈದಾನದ ಅಂಚಿನಲ್ಲಿ ಓಡಿ ದೂರದ ಚೆಂಡು ಹಿಡಿಯುವವನು, ಇಪ್ಪತ್ತೆರಡರಲ್ಲಿ ಬಂಗಾರ, ಇಪ್ಪತ್ತೆಂಟರಲ್ಲಿ ಬೆಳ್ಳಿ. ಮೂವತ್ತು ದಾಟಿದನೋ, ಕೇಳುವವರಿಲ್ಲ.

ಈ ಲೆಕ್ಕದಲ್ಲಿ ಕರ್ಟಿಸ್ ಎತ್ತಿದ ಕೈ. ಹೆಣ್ಣು ಕೊಡುವವರು ಗಂಡನ್ನು ನೋಡುವ ಹಾಗೆ ಅವನು ರಿಸೀವರ್‌ಗಳನ್ನು ನೋಡುತ್ತಿದ್ದ. ವಯಸ್ಸೆಷ್ಟು, ಕಾಲು ಗಟ್ಟಿಯೋ, ಅವನಿಗೆ ಚೆಂಡು ಎಸೆಯುವವನು ಎಂಥವನು, ಇನ್ನೈದು ವರ್ಷಕ್ಕೆ ಎಲ್ಲಿರುತ್ತಾನೆ. ಈ ವರ್ಷ ಎಷ್ಟು ಅಂಕ ತರುತ್ತಾನೆ ಎನ್ನುವುದು ಕಟ್ಟಕಡೆಯ ಪ್ರಶ್ನೆ. ಚೆನ್ನಾಗಿ ಆಡುತ್ತಿರುವವನನ್ನು ಕೊಟ್ಟು ಮೀಸೆ ಚಿಗುರದವನನ್ನು ತರುವುದು, ಇವನು ಬಲಿತ ಕೂಡಲೇ ಇವನನ್ನೂ ಕೊಟ್ಟು ಮತ್ತೊಬ್ಬ ಎಳೆಯನನ್ನು ತರುವುದು. ಹೀಗಾಗಿ ಒಂಬತ್ತು ವರ್ಷದಿಂದ ಲೀಗಿನಲ್ಲಿ ಅವರದೇ ಶ್ರೀಮಂತ ತಂಡ, ಕಪ್ ಗೆದ್ದದ್ದು ಮಾತ್ರ ಒಂದು ಸಲವೂ ಇಲ್ಲ. ಆ ತಂಡವನ್ನು ಗಂಡಹೆಂಡತಿ ಇಬ್ಬರೂ ಅಡುಗೆಮನೆ ಮೇಜಿನ ಮುಂದೆ ಕೂತು ಕಟ್ಟಿದ್ದರು. ಇಬ್ಬರ ಹೆಸರಲ್ಲೂ ಇತ್ತು.

"ನೀನೇ ಇಟ್ಕೋ ಬೇಕಾದ್ರೆ," ಎಂದಳು ಜನೆಲ್.

"ಛೆ ಛೆ, ಅರ್ಧ ನಿಂದು. ಲೀಗಲ್ಲಿ ಒಂದು ಜಾಗ ಖಾಲಿ ಇದೆ, ಲೈಲ್‌ನ ಕೇಳಿದೀನಿ. ಪಾಲು ಮಾಡ್ಕೊಳ್ಳೋಣ. ನಿಂಗೊಂದು ತಂಡ, ನಂಗೊಂದು."

ಗೆಳೆಯರೆಲ್ಲ ಇದನ್ನು ಕರ್ಟಿಸ್‌ನ ದೊಡ್ಡ ಮನಸ್ಸು ಎಂದು ಹೊಗಳಿದರು. ಅಯ್ಯೋ, ದೊಡ್ಡ ಮನಸ್ಸು ಎಲ್ಲಿಂದ ಬಂತು! ಮನೆ ಹೋಯಿತು, ಮಕ್ಕಳಿಲ್ಲ. ಅವಳು ಇವನ ಎದುರು ಬಂದು ಕೂರಬೇಕಾದ ಕಾರಣ ಭೂಮಿಯ ಮೇಲೆ ಒಂದೂ ಉಳಿದಿರಲಿಲ್ಲ. ಅವಳಿಗೊಂದು ತಂಡವಿದ್ದರೆ ಪ್ರತಿ ಆಗಸ್ಟಿಗೆ ಹೊಸ ಆಟಗಾರರನ್ನು ಆರಿಸಲು ಲೈಲ್‌ನ ಗ್ಯಾರೇಜಿಗೆ ಬರಲೇಬೇಕು, ಇವನ ತಂಡದ ಮೇಲೆ ಆಡಲೇಬೇಕು, ಗೆದ್ದಾಗ ಒಂದು ಕೊಂಕು ಮಾತನ್ನಾದರೂ ಫೋನಿಗೆ ಕಳಿಸಬೇಕು. ಡೈನಾಸ್ಟಿ ಎಂದಮೇಲೆ ಅದು ಹತ್ತು ವರ್ಷವೂ ಆಯಿತು, ಹದಿನೈದು ವರ್ಷವೂ ಆಯಿತು. ಅಷ್ಟರಲ್ಲಿ ಏನು ಬೇಕಾದರೂ ಆಗಬಹುದಲ್ಲ ಎಂದು ಅವನು ನಂಬಿದ್ದ. ಅವಳನ್ನು ಬಿಟ್ಟಿರಲು ಅವನ ಕೈಲಿ ಆಗುತ್ತಿರಲಿಲ್ಲ, ವಿಷಯ ಅಷ್ಟೇ.

ಆಗಸ್ಟ್ ಕೊನೆಯ ಭಾನುವಾರ ಮಧ್ಯಾಹ್ನ ಲೈಲ್‌ನ ಗ್ಯಾರೇಜಿನಲ್ಲಿ ಪಾಲು. ಉಳಿದ ಆಟಗಾರರನ್ನು ಲೈಲ್ ಫೋನಿನಲ್ಲೇ ಹಂಚಿ ಮುಗಿಸಿದ್ದ. ಬಾಕಿ ಇದ್ದದ್ದು ಎಂಟು ರಿಸೀವರ್‌ಗಳು, ಆಸ್ತಿಯೆಲ್ಲ ಇದ್ದದ್ದೂ ಅಲ್ಲೇ. ಅದರಲ್ಲಿ ಐವರು ಎಳೆಯರು. ಮೂವರು ಮುದುಕರು, ಎಂದರೆ ಮೂವತ್ತು ಮುಟ್ಟಿದವರು. ಇಬ್ಬರು ಮುದುಕರು ಯಾವುದೋ ವ್ಯಾಪಾರದಲ್ಲಿ ಕೊಸರಿಗೆ ಬಂದಿದ್ದರು. ಮೂರನೆಯವನು ಮಾರ್ಕಸ್ ಟಾಲಿವರ್, ಮೂವತ್ತಮೂರು ವರ್ಷದವನು. ಅವನನ್ನು ಮಾರಬಾರದೆಂದು ಜನೆಲ್ ವರ್ಷವರ್ಷವೂ ಹಟ ಹಿಡಿದಿದ್ದಳು. ಈಗಲೂ ಅವನು ಚೆಂಡು ಬಿಡುತ್ತಿರಲಿಲ್ಲ, ಆದರೆ ಇದೇ ತನ್ನ ಕೊನೆಯ ಸೀಸನ್ ಎಂದು ಅವನೇ ಟೀವಿಯಲ್ಲಿ ಹೇಳಿಬಿಟ್ಟಿದ್ದ. ಕರ್ಟಿಸ್‌ನ ಲೆಕ್ಕದಲ್ಲಿ ಅವನ ಬೆಲೆ ಸೊನ್ನೆ.

ಅಲ್ಲಿಯ ಪದ್ಧತಿ ಹೀಗೆ. ಗೋಡೆಯ ಮೇಲೊಂದು ದೊಡ್ಡ ಹಲಗೆ. ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಅಂಟುಚೀಟಿ. ಸರದಿ ಬಂದವರು ಚೀಟಿ ಕಿತ್ತು ಕೈಯಾರೆ ತಮ್ಮ ಹೆಸರಿನ ಕೆಳಗೆ ಅಂಟಿಸಬೇಕು. ಬಾಯಲ್ಲಿ ಹೇಳಿದ್ದಕ್ಕೆ ಬೆಲೆಯಿಲ್ಲ, ಅಂಟಿಸುವ ತನಕ ಮನಸ್ಸು ಬದಲಿಸಬಹುದು. ಅಂಟಿಸಿದ ಮೇಲೆ ದೇವರು ಬಂದು ಹೇಳಿದರೂ ಕೀಳುವಂತಿಲ್ಲ. ಈ ಸಲ ಲೈಲ್ ಇನ್ನೊಂದು ಷರತ್ತು ಸೇರಿಸಿದ್ದ. ಮಾಜಿ ಗಂಡಹೆಂಡತಿ ಒಳಗೊಳಗೇ ಸೇರಿಕೊಂಡು ಆಟ ಕೆಡಿಸಬಾರದಲ್ಲ, ಅದಕ್ಕೆ ಇವತ್ತು ಪಾಲಿಗೆ ಬಂದವರನ್ನು ಈ ಸೀಸನ್ ಮುಗಿಯುವ ತನಕ ಯಾರಿಗೂ ಮಾರುವಂತಿಲ್ಲ.

ಹೊರಗೆ ಇದ್ದಿಲೊಲೆಯ ಮೇಲೆ ಬ್ರಾಟ್‌ವರ್ಸ್ಟ್ ಎಂಬ ಮಾಂಸದ ಸಾಸೇಜು ಚುರುಗುಟ್ಟುತ್ತಿತ್ತು. ಒಳಗೆ ಲೀಗಿನವರೆಲ್ಲ ಬಿಯರ್ ಹಿಡಿದು ಮಡಚುವ ಕುರ್ಚಿಗಳಲ್ಲಿ ಕೂತಿದ್ದರು. ಎದುರಿಗೇ ಟೂ ವಾಂಗ್ ಕೂತಿದ್ದ, ಹೋದ ವರ್ಷದ ಚಾಂಪಿಯನ್, ಬಾಯಿಗೆ ಬೀಗವಿಲ್ಲದ ಮನುಷ್ಯ.

"ಲೈಲಣ್ಣ, ಬೇಗ ಶುರು ಮಾಡು. ಡೈವೋರ್ಸ್ ಆಗಿದ್ದು ಅವರಿಗೆ, ಹಸಿವಾಗ್ತಿರೋದು ನಮಗೆ."

"ನಿನ್ನ ಬಾಯಿಗೆ ಮೊದಲು ಬನ್ನು ತುರುಕ್ಬೇಕು," ಎಂದು ಲೈಲ್ ನಾಣ್ಯ ಚಿಮ್ಮಿದ. ಮೊದಲ ಸರದಿ ಕರ್ಟಿಸ್‌ಗೆ ಬಿತ್ತು.

ಕರ್ಟಿಸ್ ಎದ್ದು ಇಪ್ಪತ್ತೆರಡು ವರ್ಷದ ಡೇವಿಯಾನ್ ಪ್ರಾಕ್ಟರ್‌ನ ಚೀಟಿ ಅಂಟಿಸಿದ. ಎಲ್ಲರೂ ನಿರೀಕ್ಷಿಸಿದ್ದೇ. ಜನೆಲ್ ಎದ್ದಳು, ಮೂವತ್ತರ ಡೆಲ್ರಾಯ್ ಕೀನ್‌ನನ್ನು ಅಂಟಿಸಿ ಬಂದು ಕೂತಳು.

"ಕೀನಾ?" ಎಂದ ಟೂ. "ಎಳೆ ಹುಡುಗ ಸ್ಟ್ರಾಡರ್ ಅಲ್ಲೇ ಇದಾನಲ್ಲಮ್ಮ! ಕನ್ನಡಕ ತಂದಿಲ್ವಾ?"

"ತಂದಿದೀನಿ. ನಿನ್ನ ಮುಖಾನೂ ಸ್ಪಷ್ಟವಾಗಿ ಕಾಣ್ತಿದೆ, ಏನ್ಮಾಡೋದು," ಎಂದಳು ಜನೆಲ್. ಎಲ್ಲರೂ ಹೋ ಎಂದು ನಕ್ಕರು.

ಕರ್ಟಿಸ್ ಓಡಿಹೋಗಿ ಸ್ಟ್ರಾಡರ್‌ನನ್ನು ಅಂಟಿಸಿದ. ಅವನ ಅದೃಷ್ಟ ಅವನಿಗೇ ನಂಬಿಕೆಯಾಗಲಿಲ್ಲ. ಜನೆಲ್ ನಿಧಾನವಾಗಿ ಹೋಗಿ ಮೂವತ್ತೊಂದರ ರೆಜಿನಾಲ್ಡ್ ಪೈಕ್‌ನನ್ನು ಅಂಟಿಸಿದಳು. ಈಗ ಟೂ ಒಬ್ಬನೇ ಅಲ್ಲ, ಕುರ್ಚಿಗಳೆಲ್ಲ ಗೊಣಗತೊಡಗಿದವು. ಆಂಟ್ವಾನ್ ಬೆಲ್‌ಗ್ರೇವ್ ಇನ್ನೂ ಅಲ್ಲೇ ಇದ್ದ! ಇಪ್ಪತ್ತೊಂದು ವರ್ಷ, ಚಿಗರೆ ಕಾಲು, ಇನ್ನೆರಡು ವರ್ಷ ಬಿಟ್ಟರೆ ದೇಶದಲ್ಲೇ ಮೊದಲ ಹತ್ತರಲ್ಲಿ ಒಬ್ಬ. ತಲೆ ನೆಟ್ಟಗಿರುವ ಯಾರೂ ಅವನನ್ನು ಬಿಟ್ಟು ಪೈಕ್‌ನನ್ನು ಎತ್ತಿಕೊಳ್ಳುವುದಿಲ್ಲ.

"ಪಾಪ, ಅವಳಿಗೆ ಕರ್ಟಿಸ್ ಇಲ್ದೆ ಲೆಕ್ಕ ಬರಲ್ಲ ಕಣ್ರೋ," ಎಂದು ಹಿಂದಿನಿಂದ ಯಾರೋ ಅಂದರು.

ಕರ್ಟಿಸ್‌ಗೆ ಮಾತ್ರ ನಗು ಬರಲಿಲ್ಲ. ಬೆಲ್‌ಗ್ರೇವ್ ಎಂಬ ಹೆಸರನ್ನು ಮೊದಲು ಅವನ ಕಿವಿಗೆ ಹಾಕಿದವಳೇ ಜನೆಲ್, ಹುಡುಗ ಇನ್ನೂ ಕಾಲೇಜಿನಲ್ಲಿ ಆಡುತ್ತಿದ್ದಾಗ. ಇವನಿಗಿಂತ ಒಂದು ಕೈ ಮೇಲು ಅವಳ ಕಣ್ಣು. ಇಂಥವಳು ತಪ್ಪು ಮಾಡುವುದಿಲ್ಲ. ಅವನು ಹಲಗೆಯ ಕಡೆ ನೋಡುತ್ತ ನಿಂತ. ಐದು ವರ್ಷದ ಲೆಕ್ಕ ಹಿಡಿದರೆ ಅವಳು ಮಾಡಿದ್ದು ಶುದ್ಧ ಹುಚ್ಚುತನ. ಮೂರು ವರ್ಷದ ಲೆಕ್ಕ ಹಿಡಿದರೂ ಹುಚ್ಚುತನವೇ. ಆದರೆ ಈ ಒಂದು ಸೀಸನ್ನಿನ ಲೆಕ್ಕ ಹಿಡಿದರೆ, ಡಿಸೆಂಬರಿಗೆ ಎಲ್ಲ ಮುಗಿಯಿತು ಎಂದುಕೊಂಡರೆ, ಕೀನ್ ಸರಿ, ಪೈಕ್ ಸರಿ. ಅವರಿಬ್ಬರಿಗಿಂತ ಹೆಚ್ಚು ಅಂಕ ತರುವ ಟಾಲಿವರ್‌ನನ್ನು ಅವಳು ಉಳಿಸಿಟ್ಟದ್ದೂ ಸರಿ. ಸೊನ್ನೆ ಬೆಲೆಯವನನ್ನು ಕರ್ಟಿಸ್ ಮುಟ್ಟುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅಂದರೆ ಅವಳು ಹೊರಟಿದ್ದಾಳೆ. ಬರುವ ಆಗಸ್ಟಿಗೆ ಇಲ್ಲಿ ಇರುವುದಿಲ್ಲ.

ಆಮೇಲೆ ಅವನು ಮಾಡಿದ್ದಕ್ಕೆ ಬುದ್ಧಿವಂತಿಕೆ ಎನ್ನಬೇಕೋ ಸಣ್ಣತನ ಎನ್ನಬೇಕೋ ತಿಳಿಯದು, ಎರಡೂ ಇತ್ತು. ಹಲಗೆಯ ಹತ್ತಿರ ಹೋಗಿ ಟಾಲಿವರ್‌ನ ಚೀಟಿ ಕಿತ್ತ. ಇವನನ್ನು ತಾನು ತೆಗೆದುಕೊಂಡರೆ ಉಳಿಯುವವರೆಲ್ಲ ಎಳೆಯರೇ. ಅವಳು ಬೆಲ್‌ಗ್ರೇವ್‌ನನ್ನು ಎತ್ತಿಕೊಳ್ಳಲೇಬೇಕು, ಮಾರುವಂತೆಯೂ ಇಲ್ಲ. ಅಂಥ ಹುಡುಗನನ್ನು ಮಡಿಲಲ್ಲಿ ಇಟ್ಟುಕೊಂಡವಳು ಅವನು ಮೇಲೆ ಬರುವ ಹೊತ್ತಿಗೆ ಬಿಟ್ಟು ಹೋದಾಳೇ?

"ಟಾಲಿವರಾ?" ಟೂ ಕುರ್ಚಿಯಿಂದ ಎದ್ದೇಬಿಟ್ಟ. "ಅವನಿಗೆ ಇನ್ನು ನಾಲ್ಕು ತಿಂಗಳು ಬಿಟ್ರೆ ಪಿಂಚಣಿ ಮಾರಾಯ! ಯಾರಾದ್ರೂ ಇವನ ಹಣೆ ಮುಟ್ಟಿ ನೋಡ್ರೋ, ಜ್ವರ ಗಿರ ಬಂದಿದ್ಯಾ ಅಂತ!"

ಚೀಟಿ ಇನ್ನೂ ಕರ್ಟಿಸ್‌ನ ಹೆಬ್ಬೆರಳ ತುದಿಯಲ್ಲೇ ಇತ್ತು. ಜನೆಲ್ ಎದ್ದು ನಿಂತಳು.

"ಕರ್ಟಿಸ್, ಅಂಟಿಸ್ಬೇಡ. ಒಂದ್ನಿಮಿಷ ಹೊರಗೆ ಬಾ."

"ಹೋಗಿ, ಹೋಗಿ. ಹಂಗೇ ಬ್ರಾಟ್ ತಿರುವಿ ಹಾಕಿ, ಸೀದುಹೋಗುತ್ತೆ," ಎಂದ ಲೈಲ್.

ಹೊರಗೆ ಒಲೆಯ ಮುಂದೆ ಇಬ್ಬರೂ ನಿಂತರು. ಕರ್ಟಿಸ್ ಇಕ್ಕಳ ಹಿಡಿದು ಒಂದೊಂದನ್ನೇ ತಿರುವಿದ. ಅವಳ ಮುಖ ನೋಡಲು ಅವನಿಗೆ ಧೈರ್ಯವಿರಲಿಲ್ಲ.

"ಎಲ್ಲಿಗೆ?" ಎಂದು ಕೇಳಿದ.

"ಟೂಸಾನ್‌ಗೆ. ಅಕ್ಕ ಇದಾಳಲ್ಲ. ಅಲ್ಲೊಂದು ಶಾಲೇಲಿ ಕೆಲಸ ಸಿಕ್ಕಿದೆ. ಜನವರೀಲಿ ಹೊರಡ್ತೀನಿ."

"ಯಾವಾಗ ಹೇಳೋಣ ಅಂತಿದ್ದೆ?"

"ಸೀಸನ್ ಮುಗೀಲಿ ಅಂತ. ಇಬ್ರು ಮುದುಕರನ್ನ ಎತ್ಕೊಂಡಿದ್ದಕ್ಕೇ ಕಂಡುಹಿಡಿದ್ಬಿಟ್ಟೆ ನೀನು." ಅವಳು ಅರ್ಧ ನಕ್ಕಳು. "ಮದ್ವೆ ಮುರೀತಿದೆ ಅಂತ ಗೊತ್ತಾಗೋಕೆ ನಿಂಗೆ ಒಂದೂವರೆ ವರ್ಷ ಬೇಕಾಯ್ತು."

ಅದು ನಿಜವೇ. ಕರ್ಟಿಸ್ ಇನ್ನೊಂದು ಬ್ರಾಟ್ ತಿರುವಿದ.

"ಇದೆಲ್ಲ ಫೋನಲ್ಲಿ ಆಡೋ ಆಟ ತಾನೆ? ಟೂಸಾನ್‌ನಿಂದಾನೂ ಆಡ್ಬಹುದು."

"ಆಡ್ಬಹುದು," ಎಂದಳು ಜನೆಲ್. "ಆಡಲ್ಲ."

ಎಣ್ಣೆ ಬಿದ್ದು ಇದ್ದಿಲು ಭುಗ್ಗೆಂದಿತು. ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದರು.

"ನನ್ನ ಕೊರಳಿಗೆ ಆ ಹುಡುಗನ್ನ ಕಟ್ಟಿ ಇಲ್ಲೇ ನಿಲ್ಲಿಸ್ಕೊಳ್ಳೋಣ ಅಂತ ತಾನೆ ಟಾಲಿವರ್‌ಗೆ ಕೈ ಹಾಕಿದ್ದು?"

"ಹೌದು," ಎಂದ ಕರ್ಟಿಸ್. "ನೀನು ಹೋಗೋದು ನಂಗೆ ಬೇಡ ಜನೆಲ್."

"ಗೊತ್ತು." ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ಒಂಬತ್ತು ವರ್ಷ ನಿನ್ನ ಪಕ್ಕ ಕೂತು ಮುಂದಿನ ವರ್ಷಕ್ಕೆ ಅಂತ ಕಾದಿದೀನಿ. ಮನೆ ಹಿಂದೆ ಜಗುಲಿ ಕಟ್ಟೋದು ಮುಂದಿನ ವರ್ಷ, ಮಗು ಮುಂದಿನ ವರ್ಷ, ಕಪ್ಪೂ ಮುಂದಿನ ವರ್ಷ. ನಂಗೂ ಒಂದ್ಸಲ ಗೆಲ್ಬೇಕು ಅಂತ ಇರಲ್ವೇನೋ? ಇದೊಂದು ಸೀಸನ್ ಇರೋದು ನಂಗೆ. ಇದನ್ನ ಹಾಳ್ಮಾಡ್ಬೇಡ."

ಜನೆಲ್ ಅವನ ಕೈಯಿಂದ ಇಕ್ಕಳ ತೆಗೆದುಕೊಂಡು ಬ್ರಾಟ್‌ಗಳನ್ನು ತಟ್ಟೆಗೆ ಹಾಕಿದಳು. ಇಬ್ಬರೂ ಒಳಗೆ ಬಂದರು.

ಎಲ್ಲರ ಕಣ್ಣೂ ಅವನ ಹೆಬ್ಬೆರಳ ಮೇಲಿತ್ತು. ಕರ್ಟಿಸ್ ಹಲಗೆಯ ಮುಂದೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತ. ಆಮೇಲೆ ಟಾಲಿವರ್‌ನ ಚೀಟಿಯನ್ನು ಇದ್ದ ಜಾಗದಲ್ಲೇ ಇಟ್ಟು, ಬೆಲ್‌ಗ್ರೇವ್‌ನದನ್ನು ಕಿತ್ತು ತನ್ನ ಹೆಸರಿನ ಕೆಳಗೆ ಅಂಟಿಸಿದ.

ಗ್ಯಾರೇಜು ಹಾರಿಹೋಗುವ ಹಾಗೆ ಕೇಕೆ ಎದ್ದಿತು.

"ಅಬ್ಬಾ! ಹೆದರಿಸಿಬಿಟ್ಟಿದ್ದೆ ಕಣೋ!" ಎಂದು ಟೂ ತೊಡೆ ತಟ್ಟಿದ. "ನಮ್ ಕರ್ಟಿಸ್ ವಾಪಸ್ ಬಂದ ನೋಡ್ರಪ್ಪಾ, ಮತ್ತೆ ತೊಟ್ಟಿಲಿಗೇ ಕೈ ಹಾಕ್ದ! ಸ್ವಲ್ಪನಾದ್ರೂ ನಾಚಿಕೆ ಬೇಡ್ವಾ? ಆ ಹೆಂಗಸಿಗೆ ಒಬ್ಬ ಒಳ್ಳೇ ಹುಡುಗನ್ನಾದ್ರೂ ಬಿಡಬಾರ್ದಾ?"

"ಆಸೆಬುರುಕ," ಎಂದು ಲೈಲ್ ಕೂಡ ನಕ್ಕ. "ಜನೆಲ್, ನಿನ್ನ ಸರದಿ."

ಜನೆಲ್ ಟಾಲಿವರ್‌ನ ಚೀಟಿ ಎತ್ತಿಕೊಂಡಳು. ಕರ್ಟಿಸ್‌ನ ಬೆರಳಿನ ಬೆವರಿಗೆ ಅಂಟು ಹೋಗಿತ್ತು, ಒಂದು ಮೂಲೆ ಮೇಲೇಳುತ್ತಲೇ ಇತ್ತು. ಅವಳು ಅಂಗೈ ಊರಿ ಒತ್ತಿ ಹಿಡಿದುಕೊಂಡು ನಿಂತಳು. ಒಂದು ಸಲ ತಿರುಗಿ ಅವನನ್ನು ನೋಡಿದಳು.

ಉಳಿದ ಇಬ್ಬರು ಎಳೆಯರು ತಲೆಗೊಬ್ಬರಂತೆ ಹೋದರು, ಅದನ್ನು ಯಾರೂ ಗಮನಿಸಲೂ ಇಲ್ಲ. ಬನ್ನು, ಸಾಸಿವೆ, ಈರುಳ್ಳಿಯ ಮುಂದೆ ಸಾಲು ನಿಂತಿತು. ಕರ್ಟಿಸ್ ಲೈಲ್‌ನ ಪಕ್ಕಕ್ಕೆ ಬಂದ.

"ಲೈಲ್, ನಾನೂ ಜನೆಲ್ಲೂ ಎದುರಾಗೋದು ಯಾವ್ಯಾವ ವಾರ?"

ಲೈಲ್ ಎಣ್ಣೆ ಕೈಯಲ್ಲೇ ಫೋನು ಉಜ್ಜಿ ನೋಡಿದ. "ಮೂರನೇ ವಾರ ಒಂದ್ಸಲ. ಆಮೇಲೆ ಹನ್ನೊಂದನೇ ವಾರ."

"ಅಷ್ಟೇನಾ?"

"ಅಷ್ಟೇ. ಯಾಕೋ, ಹೆಂಡ್ತಿ ಮೇಲೆ ಸೇಡು ತೀರಿಸ್ಕೊಳ್ಳೋಕೆ ಎರಡು ಸಲ ಸಾಲಲ್ವಾ ನಿಂಗೆ?" ಎಂದು ಲೈಲ್ ಅವನ ಬೆನ್ನಿಗೊಂದು ಗುದ್ದಿದ. "ಅವಸರ ಏನಪ್ಪಾ, ಒಳ್ಳೇ ಹುಡುಗರೆಲ್ಲಾ ನಿನ್ನ ಹತ್ರಾನೇ ಇದಾರೆ. ಅವಳನ್ನ ಸೋಲಿಸೋಕೆ ಇನ್ನೂ ಹತ್ತು ವರ್ಷ ಇದೆ."

"ಹೂಂ," ಎಂದ ಕರ್ಟಿಸ್.