ಬಲಮಂಡಿಗೆ ಕಟ್ಟಿದ ಪಟ್ಟಿ

ಹದಿನಾರು ಎಂಬ ಊರಿನ ಪುಟ್ಟರಾಜು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳುವವನಲ್ಲ. ದೇವರ ವಿಷಯದಲ್ಲಂತೂ ಕೇಳಲೇಬೇಡಿ. ಹೆಂಡತಿ ದೇವೀರಮ್ಮ ಕೊಟ್ಟಿಗೆಯಲ್ಲಿ ಜಾರಿಬಿದ್ದು ಎಡಮಂಡಿಯ ಚಿಪ್ಪು ಒಡೆದುಕೊಂಡಳು. ಆಪರೇಷನ್ ಹೊಲಿಗೆ ಬಿಚ್ಚಿದ ದಿನವೇ ಇವನು ಆ ಮಂಡಿಗೆ ಹರಕೆಯ ಅರಿಶಿನ ದಾರ ಕಟ್ಟಿದ. ಅವಳು ನಡೆದು ಗುಡಿಗೆ ಹೋಗುವವರೆಗೆ ಅದರ ಮೇಲೆ ಇನ್ನೇನೂ ಕಟ್ಟುವಂತಿಲ್ಲ.

ದೇವೀರಮ್ಮನ ಆಸೆ ಒಂದೇ, ಮತ್ತೆ ಕುಕ್ಕರಗಾಲಲ್ಲಿ ಕೂತು ಹಾಲು ಕರೆಯಬೇಕು. "ಖಂಡಿತಾ ಆಗುತ್ತಮ್ಮ. ನೋವಾದ್ರೂ ದಿನಾ ಮಂಡಿ ಮಡಿಸ್ಬೇಕು," ಎಂದು ನಂಜನಗೂಡಿನ ಫಿಸಿಯೋಥೆರಪಿಸ್ಟ್ ನಯನ ಒಂದು ಸೆನ್ಸರ್ ಪಟ್ಟಿ ಕೊಟ್ಟಳು. ಅದನ್ನು ಕಟ್ಟಿಕೊಂಡರೆ ಮಂಡಿ ಎಷ್ಟು ಡಿಗ್ರಿ ಮಡಿಯಿತೆಂಬ ಲೆಕ್ಕ ನಯನಳ ಮೊಬೈಲಿಗೇ ಹೋಗುತ್ತಿತ್ತು.

ಮನೆಗೆ ಬಂದ ಪುಟ್ಟರಾಜು ಅದನ್ನು ಬಲಮಂಡಿಗೆ ಕಟ್ಟಿದ.

"ಅಲ್ರೀ, ನೋವಿರೋದು ಈ ಕಾಲಲ್ಲಿ."

"ಅರಕೆ ದಾರದ್ ಮ್ಯಾಲೆ ಮಿಷಿನ್ ಕಟ್ಟಕ್ಕಾಯ್ತದೇನೇ? ಯಾವ್ ಕಾಲಾದ್ರೇನು, ಎರಡೂ ನಿಂದೇ ತಾನೆ!"

ಮಿಷಿನ್ನಿಗೆ ಎಡ ಬಲ ಗೊತ್ತಿಲ್ಲ. ವಾರದಲ್ಲೇ ನಯನ ಫೋನ್ ಮಾಡಿ, "ತುಂಬಾ ಚೆನ್ನಾಗಿ ಮಡೀತಿದೆ, ಹೀಗೇ ಮುಂದುವರಿಸಿ," ಎಂದಳು. ಪುಟ್ಟರಾಜು ಹಾಲಿನ ಡೈರಿಯಲ್ಲಿ ಸಿಕ್ಕವರಿಗೆಲ್ಲ ಅದನ್ನೇ ಹೇಳಿದ. ಎಡಗಾಲು ಮಡಿಸಲು ಹೋಗಿ ಹೆಂಡತಿ ಅತ್ತರೆ ನೋಡಲಾರದೆ, "ಡಾಕ್ಟ್ರೇ ಚೆನ್ನಾಗದೆ ಅಂದವ್ರೆ, ಸುಮ್ಕೆ ಯಾಕ್ ನೋವ್ ತಿಂತೀಯ?" ಎಂದು ಬಿಡಿಸುತ್ತಿದ್ದ. ಪ್ರೀತಿಯೇ, ಇಲ್ಲವೆನ್ನುವುದಿಲ್ಲ.

ಕೆಲವು ತಿಂಗಳಾದ ಮೇಲೆ ನಯನ ದೇವೀರಮ್ಮನನ್ನು ಮೇಜಿನ ಮೇಲೆ ಮಲಗಿಸಿ ಎಡಗಾಲು ಹಿಡಿದಳು. ಮಂಡಿ ಅರ್ಧಕ್ಕೇ ನಿಂತಿತು. ಇಷ್ಟು ದಿನ ಪಟ್ಟಿ ಇದ್ದದ್ದು ಬಲಮಂಡಿಯ ಮೇಲೆಂದು ಕೇಳಿ ತಿಳಿದ ನಯನಳ ಮುಖ ಬಿಳಿಚಿಕೊಂಡಿತು.

"ಒಂದ್ಸಲ ವಿಡಿಯೋ ಕಾಲ್ ಮಾಡಿ ನೋಡಿದ್ರೆ ಆಗ್ತಿತ್ತು. ನನ್ನ ತಪ್ಪೂ ಇದೆ," ಎಂದಳು. "ಕೀಲು ಬಿಗಿದುಬಿಟ್ಟಿದೆ ಯಜಮಾನ್ರೇ. ನಡೀಬಹುದು. ಕುಕ್ಕರಗಾಲಲ್ಲಿ ಕೂರೋದು ಇನ್ನು ಕಷ್ಟ. ಯಾಕೆ ಹೀಗ್ ಮಾಡಿದ್ರಿ?"

ದೇವೀರಮ್ಮನೇ ಹೇಳಿದಳು: "ಅವ್ರನ್ನ ಬೈಬ್ಯಾಡಿ ಕಣವ್ವಾ. ನಂಗ್ ವಾಸಿಯಾಗ್ಲಿ ಅಂತ್ಲೇ ಮಾಡುದ್ರು."

ಅವಳೂ ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಊರಿನ ಬಸ್ಸು ತುಂಬಿತ್ತು. ಯಾರೋ ಸೀಟು ಬಿಟ್ಟುಕೊಟ್ಟರು. ದೇವೀರಮ್ಮ ಕೂತಳು, ಮಡಿಯದ ಕಾಲು ಓಡಾಡುವ ಜಾಗಕ್ಕೆ ನೇರವಾಗಿ ಚಾಚಿಕೊಂಡಿತು. ಪಕ್ಕದಲ್ಲಿ ಖಾಲಿಯಾದ ಸೀಟಿಗೂ ಹೋಗದೆ ಪುಟ್ಟರಾಜು ಆ ಕಾಲಿನ ಮುಂದೆ ಅಡ್ಡ ನಿಂತ. ಹತ್ತಿದವರಿಗೆಲ್ಲ, "ನಮ್ಮವಳ ಕಾಲದೆ, ನೋಡ್ಕಂಡ್ ಓಗಿ ಸ್ವಾಮಿ," ಎನ್ನುತ್ತ ಹದಿನಾರಿನವರೆಗೂ ನಿಂತೇ ಬಂದ.