ಎಫ್ರಿಕ್‌ಳನ್ನು ಹೊತ್ತವರು

ಶವಪೆಟ್ಟಿಗೆ ಇಟ್ಟಿದ್ದ ಚಟ್ಟದ ಮುಂದಿನ ಹಿಡಿಗೆ ಮಾರ್ಸಲಿ ಕೈ ಹಾಕಿದಳು. ಅಂಗಳದಲ್ಲಿ ಸಾಲುಗಟ್ಟುತ್ತಿದ್ದ ಗಂಡಸರು ನಿಂತಲ್ಲೇ ನಿಂತರು. ಹ್ಯಾರಿಸ್ ದ್ವೀಪದಲ್ಲಿ ಹೊರುವವರು ಗಂಡಸರು. ಹೆಂಗಸರು ಬಾಗಿಲ ತನಕ ಬಂದು, ಒಳಗೆ ಹೋಗಿ ಚಹಾಕ್ಕೆ ನೀರಿಡುತ್ತಾರೆ.

"ಕೈ ತೆಗಿ, ಮಾರ್ಸಲಿ," ಎಂದ ಚರ್ಚಿನ ಹಿರಿಯ ಟಾರ್ಕಿಲ್, ಮೆಲ್ಲಗೆ. "ಎಫ್ರಿಕ್ ದೊಡ್ಡ ವಿದ್ವಾಂಸೆ. ಮರ್ಯಾದೆಯಿಂದ ಕಳಿಸೋಣ."

"ನಾನೂ ಅದಕ್ಕೇ ಬಂದಿರೋದು."

ಅವಳ ಬೆನ್ನಿಗೆ ಊರಿನ ನೇಕಾರ ಹೆಂಗಸರು ನಿಂತಿದ್ದರು. ಎಲ್ಲರೂ ಒಂದು ಕಾಲಕ್ಕೆ ಎಫ್ರಿಕ್‌ಗೆ ಕತೆ ಹೇಳಿದವರೇ.

*

ಮಾರ್ಸಲಿ ಮದುವೆಯಾದ ಹೊಸತು. ನಗರದ ವಿಶ್ವವಿದ್ಯಾಲಯದಿಂದ ಎಫ್ರಿಕ್ ಊರಿನ ಕತೆಗಳನ್ನು ಸಂಗ್ರಹಿಸಲು ಬೀಸುಕಲ್ಲಿನಷ್ಟು ಭಾರದ ಧ್ವನಿಮುದ್ರಣ ಯಂತ್ರ ಹೊತ್ತು ಬಂದಿದ್ದಳು. ಸಂಜೆಯೆಲ್ಲ ಮಾವ ಹಳೆಯ ವೀರರ ಕತೆ ಹೇಳಿದ. ಮಾರನೆಯ ದಿನ ಅವಳು ನೇರ ಅಡುಗೆಮನೆಗೆ ಬಂದು, ಇನ್ನು ನೀನು ಹೇಳು ಎಂದಳು. ನನಗೇನು ಗೊತ್ತು ಎಂದಳು ಮಾರ್ಸಲಿ. ಎಫ್ರಿಕ್ ವಾದಿಸದೆ ತೋಳು ಮಡಚಿ ಆಲೂಗಡ್ಡೆ ಸುಲಿಯತೊಡಗಿದಳು. ಪಾತ್ರೆ ಕುದಿಯುವ ಹೊತ್ತಿಗೆ ಮಾರ್ಸಲಿಯ ಬಾಯಿ ತೆರೆದಿತ್ತು. ಸ್ಕೈ ದ್ವೀಪದಲ್ಲಿ ವೀರರಿಗೆ ಯುದ್ಧ ಕಲಿಸಿದ ಹೆಂಗಸಿನ ಕತೆ ಅದು. ಮಾವನ ಕತೆಯಲ್ಲಿ ಶಿಷ್ಯ ವಿದ್ಯೆ ಕಲಿತು ಹೊರಟೊಡನೆ ಆಕೆ ಮಾಯ. ಮಾರ್ಸಲಿಗೆ ಅಜ್ಜಿಯಿಂದ ಬಂದ ಕತೆಯಲ್ಲಿ ಅವನು ಹೋದ ಮೇಲೂ ಆಕೆಗೆ ಬದುಕಿತ್ತು, ಮಕ್ಕಳಿದ್ದರು, ಮುಪ್ಪಿತ್ತು.

ವಿಶ್ವವಿದ್ಯಾಲಯದ ಹಿರಿಯರು ಇದು ಅಡುಗೆಮನೆ ಹರಟೆ ಎಂದರು. ಬಡ್ತಿ ಬೇರೆಯವರ ಪಾಲಾಯಿತು. ಎಫ್ರಿಕ್ ಮಾತ್ರ ಪ್ರತಿ ಬೇಸಿಗೆಯೂ ಬಂದಳು. ಕೊನೆಗೆ ಪುಸ್ತಕ ಅಚ್ಚಾದಾಗ ಪ್ರತಿ ಕತೆಯ ನೆತ್ತಿಯ ಮೇಲೂ ಹೇಳಿದವಳ ಹೆಸರಿತ್ತು. ನಿವೃತ್ತಿಯಾದ ಮೇಲೆ ಇಲ್ಲೇ ಮನೆ ಮಾಡಿ, ಕುರಿ ಸಾಕಿ, ಇಸ್ಪೀಟಿನಲ್ಲಿ ಮೋಸ ಮಾಡಲು ಹೋಗಿ ಸಿಕ್ಕಿಬೀಳುತ್ತ ಮುದುಕಿಯಾದಳು.

*

ಸ್ಮಶಾನ ಗುಡ್ಡದಾಚೆ ಇದೆ, ದಾರಿ ಕಡಿದು, ಗಾಳಿ ಬೇರೆ ಎಂದು ಟಾರ್ಕಿಲ್ ತಿಳಿಹೇಳಿದ. "ನಡುದಾರೀಲಿ ಕೈಬಿಟ್ರೆ ಏನ್ ಗತಿ?"

"ನಾನು ಹೇಳೋದೂ ಒಂದು ಕತೆ ಅಂತ ಕೂತು ಕೇಳಿದೋಳು ಅವಳೊಬ್ಬಳೇ," ಎಂದಳು ಮಾರ್ಸಲಿ. "ನಾವು ಕೈಬಿಡಲ್ಲ. ನೀನು ದಾರಿ ಬಿಡು."

ಆಗ ಟಾರ್ಕಿಲ್‌ನ ಹೆಂಡತಿ ಈನಾ ಒಳಗಿನಿಂದ ಬಂದಳು. ಗಂಡನ ಮುಖ ನೋಡದೆ ತಲೆಗೆ ವಸ್ತ್ರ ಬಿಗಿದು, ಎದುರು ಹಿಡಿಗೆ ಕೈ ಕೊಟ್ಟಳು. ಟಾರ್ಕಿಲ್ ಪಕ್ಕಕ್ಕೆ ಸರಿದ.

ಎತ್ತಿದರು. ಏರಿನಲ್ಲಿ ಗಾಳಿಗೆ ಲಂಗಗಳು ಮೊಣಕಾಲಿಗೆ ಸುತ್ತಿಕೊಂಡವು. ಯಾರೂ ನಿಲ್ಲಲಿಲ್ಲ. ಮುಂದಿನವರು ದಣಿದು ಬಿಟ್ಟಂತೆ ಹಿಂದಿನವರು ಬಂದು ಹೆಗಲು ಕೊಟ್ಟರು. ಮೊದಲ ತಿರುವಿನಲ್ಲಿ ತನ್ನ ಸರದಿ ಮುಗಿಸಿದ ಮಾರ್ಸಲಿ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ ಹಿಂತಿರುಗಿ ನೋಡಿದಳು. ಹೆಂಗಸರ ಸಾಲಿನ ಕಟ್ಟಕಡೆಯಲ್ಲಿ, ಟೋಪಿ ತೆಗೆದು ಕಂಕುಳಲ್ಲಿ ಇರುಕಿಕೊಂಡು, ಟಾರ್ಕಿಲ್ ತನ್ನ ಸರದಿಗೆ ಕಾಯುತ್ತ ನಡೆದು ಬರುತ್ತಿದ್ದ.